ಎರಡು ಸಿಲಿಂಡರಿನ ಪಾಠಾಂತರ

ಎಚ್‌ಎಂಟಿ ಎಂದರೆ ನನ್ನ ಓರಗೆಯವರಿಗೆ ಕೈಗಡಿಯಾರ. ಅಪ್ಪನಿಗೆ ಮದುವೆಯಲ್ಲಿ ಬಂದ ಉಡುಗೊರೆ, ದಿನಾ ಬೆಳಿಗ್ಗೆ ಕೀಲಿ ಕೊಡಬೇಕಾದ ವಾಚು, ಬೆಂಗಳೂರಿನ ಜಾಲಹಳ್ಳಿ. ಅದೇ ಹಿಂದೂಸ್ತಾನ್ ಮಷಿನ್ ಟೂಲ್ಸ್ ಟ್ರ್ಯಾಕ್ಟರನ್ನೂ ಮಾಡುತ್ತಿತ್ತು ಎಂದರೆ ಹಾಸ್ಟೆಲಿನ ಗೆಳತಿಯರು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಆದರೆ ಮಾಡುತ್ತಿದ್ದದ್ದು ನಿಜ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುಮಾಡಿತು. ವಿನ್ಯಾಸ ಆಗಿನ ಜೆಕೊಸ್ಲೊವಾಕಿಯಾದ್ದು. ಮೊದಲ ಗಾಡಿ 25 ಅಶ್ವಶಕ್ತಿಯದು, ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ಹೆಸರು ಎಚ್‌ಎಂಟಿ ಝೆಟರ್ 2511. ಅಂಥದೊಂದು ಗಾಡಿಯನ್ನು ನನ್ನ ಅಜ್ಜ 1976ರಲ್ಲಿ ಸಾಲ ಮಾಡಿ ತಂದಿದ್ದರು. 2004ರಿಂದ ಅದು ನರಗುಂದದ ಹತ್ತಿರದ ನಮ್ಮ ಊರಿನ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ ನಿಂತೇ ಇತ್ತು. ಅದನ್ನು ಮತ್ತೆ ಓಡುವಂತೆ ಮಾಡಲು ನಮಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಓಡುವಂತೆ ಮಾಡುವುದು ಅಷ್ಟೇನೂ ಕಷ್ಟವಿರಲಿಲ್ಲ. ಅದರ ಯಾವ ಕಾಲದ ರೂಪಕ್ಕೆ ಅದನ್ನು ಮರಳಿಸಬೇಕು ಎಂದು ತೀರ್ಮಾನಿಸುವುದು ಕಷ್ಟವಾಗಿತ್ತು.

ಈ ಗಾಡಿಯ ವಂಶಾವಳಿ ಸ್ವಲ್ಪ ವಿಚಿತ್ರದ್ದು. ಜೆಕ್ ನಾಡಿನ ಬರ್ನೊ ನಗರದಲ್ಲಿ ಝ್ಬ್ರೊಯೊವ್ಕಾ ಎಂಬ ಶಸ್ತ್ರಾಸ್ತ್ರ ಕಾರ್ಖಾನೆ ಇತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ ಬ್ರೆನ್ ಗನ್ ಅಲ್ಲಿನ ವಿನ್ಯಾಸವೇ. ಆ ಹೆಸರಿನ ಮೊದಲರ್ಧ ಬರ್ನೊದಿಂದಲೂ ಉಳಿದರ್ಧ ಇಂಗ್ಲೆಂಡಿನ ಎನ್‌ಫೀಲ್ಡ್‌ನಿಂದಲೂ ಬಂದದ್ದು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಕಾರ್ಖಾನೆ ಟ್ರ್ಯಾಕ್ಟರ್ ಮಾಡಿತು. ಕಾರ್ಖಾನೆಯ ಗುರುತಾಗಿದ್ದ ‘ಝೆಟ್’ ಅಕ್ಷರಕ್ಕೆ ‘ಟ್ರ್ಯಾಕ್ಟರ್’ನ ಕೊನೆಯ ತುಂಡನ್ನು ಅಂಟಿಸಿ ಝೆಟರ್ ಎಂದು ಕರೆಯಿತು. ಮುಂದೆ 1960ರ ಆಸುಪಾಸಿನಲ್ಲಿ ಅಲ್ಲಿನ ಎಂಜಿನಿಯರುಗಳು ಒಂದು ಜಾಣತನ ಮಾಡಿದರು. ಎರಡು, ಮೂರು, ನಾಲ್ಕು ಸಿಲಿಂಡರಿನ ಗಾಡಿಗಳನ್ನು ಒಂದೇ ಕುಟುಂಬವಾಗಿ ರೂಪಿಸಿದರು. ಮೂರರಲ್ಲೂ ಸಿಲಿಂಡರಿನ ಒಳವ್ಯಾಸ 95 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 110 ಮಿಲಿಮೀಟರ್. ಅಂದರೆ ತಮ್ಮನ ಅಂಗಿ ಅಣ್ಣನಿಗೂ ಆಗುತ್ತದೆ. ಈ ಒಂದು ಸಂಗತಿ ಇಲ್ಲದಿದ್ದರೆ ನಮ್ಮ ಗಾಡಿ ಇವತ್ತು ಗುಜರಿಯಾಗಿರುತ್ತಿತ್ತು.

ಅಜ್ಜ ಟ್ರ್ಯಾಕ್ಟರ್ ಯಾಕೆ ತಂದರು ಎಂಬುದಕ್ಕೆ ಮನೆಯಲ್ಲಿ ಎರಡು ಕಾರಣ ಹೇಳುತ್ತಾರೆ. ಒಂದು ನೀರು, ಇನ್ನೊಂದು ಕರಕಿ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ, ಎಪ್ಪತ್ತರ ದಶಕದಲ್ಲಿ ಕಾಲುವೆಗೆ ನೀರು ಬರತೊಡಗಿತ್ತು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿಯವರು ರೂಪಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಿಡುಗಡೆಯಾಗಿ ಹೊಲಹೊಲಕ್ಕೂ ಬಂದಿತ್ತು. ಎರೆ ಭೂಮಿಯಲ್ಲಿ ಕರಕಿ ಬೇರು ಇಳಿದರೆ ರಂಟೆ ಹೊಡೆದಷ್ಟೂ ಅದು ಹಬ್ಬುತ್ತದೆಯೇ ಹೊರತು ಸಾಯುವುದಿಲ್ಲ. ಬುಡದ ಗಡ್ಡೆ ಮೇಲೆ ಬಂದು ಬಿಸಿಲಿಗೆ ಒಣಗಬೇಕು. ಅದಕ್ಕೆ ಮೊದಲೆಲ್ಲ ನಾಲ್ಕಾರು ಜೋಡಿ ಎತ್ತು ಕಟ್ಟಿ ದೊಡ್ಡ ನೇಗಿಲು ಹೊಡೆಸುತ್ತಿದ್ದರಂತೆ. ಗಾಡಿ ಬಂದ ವರ್ಷ ನಮ್ಮ ಮನೆಯ ನಾಲ್ಕು ಜೋಡಿಯಲ್ಲಿ ಎರಡು ಜೋಡಿ ಮಾರಿದರು. ಅಮ್ಮ, ಅಂದರೆ ನನ್ನ ಅಜ್ಜಿ, ಆ ವರ್ಷದ ಕಾರಹುಣ್ಣಿಮೆಗೆ ಹೋಳಿಗೆ ಮಾಡಲಿಲ್ಲ ಎಂದು ಈಗಲೂ ನೆನೆಯುತ್ತಾಳೆ.

ಗಾಡಿ ಅಜ್ಜನದು. ಓಡಿಸಿದ್ದು ಮಾತ್ರ ಕಾಕಾ. ಕಾಕಾ ನಮ್ಮ ಸಂಬಂಧಿಕರಲ್ಲ. ನಮ್ಮ ಕಡೆ ಊರಿನ ಹಿರಿಯರೆಲ್ಲ ಯಾರಿಗಾದರೂ ಕಾಕಾ ಆಗಿಯೇ ಇರುತ್ತಾರೆ. ಅವರು ನಮ್ಮ ಮನೆಯಲ್ಲಿ ವರ್ಷದ ಲೆಕ್ಕದ ಆಳಾಗಿದ್ದರು. ಮಾರಿದ ಎತ್ತುಗಳನ್ನು ಹೂಡುತ್ತಿದ್ದವರೂ ಅವರೇ. ಗಾಡಿ ಕೊಡಲು ಬಂದಿದ್ದ ಮೆಕ್ಯಾನಿಕ್ ಎರಡು ದಿನ ಊರಲ್ಲಿ ಉಳಿದು ಕ್ಲಚ್ಚು, ಗೇರು, ಹೈಡ್ರಾಲಿಕ್ ಕಲಿಸಿಹೋದನಂತೆ. ಕಾಕಾನ ಶಿಕ್ಷಣ ಅಷ್ಟೇ. ಅಲ್ಲಿಂದ 28 ವರ್ಷ ಅವರೇ ಓಡಿಸಿದರು, ಅವರೇ ರಿಪೇರಿ ಮಾಡಿದರು. ಅವರ ಚಾದ ಬಟ್ಟಲು ಮಾತ್ರ ಅಡುಗೆಮನೆಯಲ್ಲಿ ಇರಲಿಲ್ಲ, ಕೊಟ್ಟಿಗೆಯ ಗೋಡೆಯ ಮಾಡದಲ್ಲಿ ಇರುತ್ತಿತ್ತು. ಬಟ್ಟಲು ಈಗಿಲ್ಲ, ಮಾಡ ಈಗಲೂ ಇದೆ.

1980ರ ಕಥೆ ನಮ್ಮ ಭಾಗದವರಿಗೆಲ್ಲ ಗೊತ್ತು. ನೀರಿನ ಕರ, ಅಭಿವೃದ್ಧಿ ಕರ, ಸಾಲದ ವಸೂಲಿ ಎಲ್ಲವೂ ಒಟ್ಟಿಗೆ ಬಿದ್ದಾಗ ಮಲಪ್ರಭಾ ಅಚ್ಚುಕಟ್ಟಿನ ರೈತರು ಎದ್ದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು, ಜೀವಗಳು ಹೋದವು. ರಾಜ್ಯ ರೈತ ಸಂಘ ಕಟ್ಟಿಕೊಂಡದ್ದು ಅದೇ ವರ್ಷ. ಪುಸ್ತಕಗಳಲ್ಲಿ ಇಷ್ಟು ಸಿಗುತ್ತದೆ. ನಮ್ಮ ಹಿತ್ತಲಿನ ಇತಿಹಾಸದಲ್ಲಿ ಇನ್ನೊಂದು ಸಾಲಿದೆ. ಕಂತು ಕಟ್ಟದ ಗಾಡಿಯನ್ನು ಜಪ್ತಿ ಮಾಡುತ್ತಾರೆ ಎಂಬ ಸುದ್ದಿ ಬಂದ ರಾತ್ರಿ ಕಾಕಾ ಗಾಡಿಯನ್ನು ಕಣಕ್ಕೆ ಒಯ್ದು ನಿಲ್ಲಿಸಿ, ಅದರ ಸುತ್ತ ಜೋಳದ ಕಣಿಕೆಯ ಬಣವೆ ಒಟ್ಟಿದರು. ನಾಲ್ಕು ತಿಂಗಳು ಗಾಡಿ ಬಣವೆಯೊಳಗಿತ್ತು. ಇಡೀ ಊರಿಗೆ ಗೊತ್ತಿತ್ತು. ಯಾರೂ ಹೇಳಲಿಲ್ಲ. ತೆಗೆದಾಗ ಗಾಳಿ ಸೋಸುವ ಡಬ್ಬಿಯೊಳಗೆ ಇಲಿ ಮರಿ ಹಾಕಿತ್ತಂತೆ.

2004ರಲ್ಲಿ ಅಜ್ಜ ತೀರಿಕೊಂಡರು. ಹೊಲ ಪಾಲಾಯಿತು, ಬಾಡಿಗೆಗೆ ದೊಡ್ಡ ಟ್ರ್ಯಾಕ್ಟರುಗಳು ಸಿಗತೊಡಗಿದ್ದವು, ಕಾಕಾ ಮಗನ ಮನೆಗೆ ಹೋದರು. ಗಾಡಿ ನಿಂತಿತು. ಅಕ್ಟೋಬರ್ 2016ರಲ್ಲಿ ಪಿಂಜೋರ್ ಘಟಕ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದಾಗ ಪತ್ರಿಕೆಯಲ್ಲಿ ಬಂದದ್ದು ಸಣ್ಣ ಸುದ್ದಿ. ವಾಚಿನ ಕಾರ್ಖಾನೆಗೆ ಅತ್ತಷ್ಟು ಯಾರೂ ಟ್ರ್ಯಾಕ್ಟರಿಗೆ ಅಳಲಿಲ್ಲ. ಅಲ್ಲಿಂದಾಚೆ ನಮ್ಮ ಸುತ್ತಲಿನ ಊರುಗಳಲ್ಲಿ ಎರಡು ಸಿಲಿಂಡರಿನ ಎಚ್‌ಎಂಟಿಗಳು ಒಂದೊಂದಾಗಿ ಕಾಣೆಯಾದವು. ನಾನು ಹುಡುಕಲು ಹೊರಟಾಗ ಸಿಕ್ಕಿದ್ದು ಎರಡೇ. ಒಂದರ ಮೇಲೆ ಕೋಳಿಗಳು ಕೂರುತ್ತಿದ್ದವು, ಇನ್ನೊಂದರ ಎಂಜಿನ್ನನ್ನು ಬಿಚ್ಚಿ ನೀರೆತ್ತಲು ಇಟ್ಟಿದ್ದರು.

ನಮ್ಮದರ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯ ಇದ್ದವು. ಅಣ್ಣನಿಗೆ ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಡುವ ದುಡ್ಡು ಸಾಕಾಗಿತ್ತು. ಅಷ್ಟರಲ್ಲಿ ಹಳೆಯ ಗಾಡಿಗಳನ್ನು ಸಂಗ್ರಹಿಸುವವರೊಬ್ಬರ ದಲ್ಲಾಳಿ ಫೋನ್ ಮಾಡಿ, ‘ಒರಿಜಿನಲ್ ಮಾಡಿಕೊಟ್ರೆ ಮೂರು ಪಟ್ಟು’ ಅಂದ. ಒರಿಜಿನಲ್ ಎಂದರೆ ಏನು ಎಂದು ಕೇಳಿದೆ. ‘ಶೋರೂಮಿನಿಂದ ಹೊರಬಿದ್ದ ದಿನ ಹೆಂಗಿತ್ತೋ ಹಂಗ. ಪೇಂಟು, ಸೀಟು, ಬೋಲ್ಟು ಸಮೇತ.’ ನಡುವೆ ಸೇರಿದ್ದೆಲ್ಲ ಅವನ ಲೆಕ್ಕದಲ್ಲಿ ಕಸ.

ಈ ಮಾತು ನನಗೆ ಹೊಸದಲ್ಲ. ನಾನು ಪಿಎಚ್‌ಡಿ ಮಾಡುತ್ತಿರುವುದು ಹಸ್ತಪ್ರತಿಗಳ ಮೇಲೆ. ಡಿ.ಎಲ್. ನರಸಿಂಹಾಚಾರ್ಯರೂ ಎಂ.ಎಂ. ಕಲಬುರ್ಗಿಯವರೂ ಗ್ರಂಥಸಂಪಾದನೆಯ ಬಗ್ಗೆ ಬರೆದದ್ದು ನಮಗೆ ಮೊದಲ ಓದು. ಅಲ್ಲಿ ಕೇಳುವ ಮೊದಲ ಪ್ರಶ್ನೆಯೂ ಇದೇ. ಕವಿ ಬರೆದ ಮೂಲ ನಮ್ಮ ಕೈಯಲ್ಲಿಲ್ಲ, ಇರುವುದು ಪ್ರತಿಯ ಪ್ರತಿ. ಒಬ್ಬ ಲಿಪಿಕಾರ ಕಣ್ತಪ್ಪಿ ಒಂದು ಸಾಲು ಬಿಟ್ಟಿರುತ್ತಾನೆ, ಇನ್ನೊಬ್ಬ ತನಗೆ ತಿಳಿಯದ ಹಳೆಯ ಪದ ತೆಗೆದು ತಿಳಿದ ಪದ ಹಾಕಿರುತ್ತಾನೆ, ಮತ್ತೊಬ್ಬ ತನ್ನದೇ ಎರಡು ಪದ್ಯ ಸೇರಿಸಿರುತ್ತಾನೆ. ಸಂಪಾದಕ ಇವನ್ನೆಲ್ಲ ಹೋಲಿಸಿ, ಮೂಲಕ್ಕೆ ಹತ್ತಿರ ಎನಿಸಿದ ಪಾಠವನ್ನು ಮೇಲೆ ಅಚ್ಚುಹಾಕಿ, ಉಳಿದದ್ದನ್ನು ಪಾಠಾಂತರ ಎಂದು ಅಡಿಟಿಪ್ಪಣಿಗೆ ಇಳಿಸುತ್ತಾನೆ. ಆದರೆ ಕಾವ್ಯ ಐದಾರು ಶತಮಾನ ಬದುಕಿದ್ದು ಆ ಲಿಪಿಕಾರರ ಕೈಯಿಂದ. ಅವರು ಬೆನ್ನು ಬಗ್ಗಿಸಿ ನಕಲು ಮಾಡದಿದ್ದರೆ ಸಂಪಾದಕನಿಗೆ ಹೋಲಿಸಲು ಏನೂ ಇರುತ್ತಿರಲಿಲ್ಲ.

ನಮ್ಮ ಗಾಡಿಯನ್ನು ಹೀಗೆ ನೋಡಿದರೆ ಪುಟತುಂಬ ಪಾಠಾಂತರ. ಸೀಟು ಮುರಿದ ವರ್ಷ ಚಕ್ಕಡಿಯ ಕಟ್ಟಿಗೆಯಿಂದ ಮಾಡಿದ ಹಲಗೆ, ಅದರ ಮೇಲೆ ಗೋಣಿಚೀಲ. ಡೀಸೆಲ್ ಟ್ಯಾಂಕಿನ ಮುಚ್ಚಳ ಬೇರೆ ಯಾವುದೋ ಗಾಡಿಯದು. ಎಡಗಡೆಯ ಮಡ್‌ಗಾರ್ಡಿಗೆ ಮೂರು ಬಾರಿ ವೆಲ್ಡಿಂಗ್ ಆಗಿದೆ, ಮೂರೂ ಬೇರೆ ಬೇರೆ ಕೈ. ಟೂಲ್ ಬಾಕ್ಸಿನ ಮುಚ್ಚಳ ಎಣ್ಣೆ ಡಬ್ಬಿಯನ್ನು ಬಡಿದು ಚಪ್ಪಟೆ ಮಾಡಿದ್ದು. ಮುಂದಿನ ಆಕ್ಸಲಿಗೆ ಮಾರಿದ ಎತ್ತಿನ ಕೊರಳ ಗೆಜ್ಜೆ. ಸೈಲೆನ್ಸರ್ ಇದ್ದ ಜಾಗದಲ್ಲಿ ಬೋರ್‌ವೆಲ್ಲಿನವರು ಬಿಟ್ಟುಹೋದ ಕಬ್ಬಿಣದ ಪೈಪಿನ ತುಂಡು. ಇವುಗಳಲ್ಲಿ ಯಾವುದು ಕಸ, ಯಾವುದು ಗಾಡಿ? ದಲ್ಲಾಳಿಯ ಉತ್ತರ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಲಿಪಿಕಾರನ ಉತ್ತರ. ಅದೃಷ್ಟಕ್ಕೆ ಇಲ್ಲಿ ಲಿಪಿಕಾರ ಬದುಕಿದ್ದರು.

ಕಾಕಾನನ್ನು ಕರೆತರಲು ಅಣ್ಣನೇ ಹೋದ. ಎಪ್ಪತ್ತೈದು ದಾಟಿದ ಕಾಕಾ ಹಿತ್ತಲಿಗೆ ಬಂದವರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಮಾತಾಡಿಸಿದರೆ ಉತ್ತರವಿಲ್ಲ. ಅವರ ಸೊಸೆ ಮೊದಲೇ ಹೇಳಿದ್ದಳು, ‘ಕಿವಿ ಪೂರಾ ಹೋಗ್ಯಾವು, ಎದುರಿಗೆ ನಿಂತು ದೊಡ್ಡದಾಗಿ ಹೇಳ್ರಿ’ ಅಂತ. ಎದುರು ನಿಂತು ಕೂಗಿದೆ: ‘ಕಾಕಾ, ಇದು ಚಾಲೂ ಆಗತೈತೇನು?’

‘ಆಗದೇನು ಮಾಡತೈತಿ ಯವ್ವಾ? ಮಳಿಗಾಲದಾಗ ಪೈಪಿನ ಮ್ಯಾಲ ಡಬ್ಬಿ ಬೋರಲ ಹಾಕತಿದ್ದೆ. ಆ ಡಬ್ಬಿ ಎಲ್ಲೈತಿ?’

ಡಬ್ಬಿ ಎಲ್ಲೂ ಇರಲಿಲ್ಲ. ಕಾಕಾ ಹೋದ ಮೇಲೆ ಅದನ್ನು ಹಾಕುವವರೂ ಇರಲಿಲ್ಲ. ಆ ಪ್ರಶ್ನೆಯ ಅರ್ಥ ತಿಳಿದದ್ದು ಹುಬ್ಬಳ್ಳಿಯಿಂದ ಫಿಟ್ಟರ್ ಮಾಮಾ ಬಂದು ಎಂಜಿನ್ನಿನ ಹೆಡ್ ಬಿಚ್ಚಿದ ದಿನ. ಒಂದನೇ ಸಿಲಿಂಡರ್ ಎಣ್ಣೆಯ ಪಸೆಯಿಂದ ಕನ್ನಡಿಯಂತಿತ್ತು. ಎರಡನೆಯದು ತುಕ್ಕಿನ ಬಾವಿ. ಗಾಡಿ ನಿಂತ ದಿನ ಎರಡನೇ ಸಿಲಿಂಡರಿನ ಹೊಗೆ ಹೋಗುವ ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿದೆ. ಮುಚ್ಚಳವಿಲ್ಲದ ಪೈಪಿನಿಂದ ಇಳಿದ ಮಳೆನೀರು ಅದೇ ದಾರಿ ಹಿಡಿದು ಪಿಸ್ಟನ್ನಿನ ತಲೆಯ ಮೇಲೆ ನಿಂತಿದೆ. ಪಕ್ಕದ ಸಿಲಿಂಡರಿನ ವಾಲ್ವ್ ಮುಚ್ಚಿದ್ದರಿಂದ ಅದು ಬಚಾವಾಗಿದೆ. ಒಂದು ಖಾಲಿ ಡಬ್ಬಿ ಎಷ್ಟು ದೊಡ್ಡ ಕೆಲಸ ಮಾಡುತ್ತಿತ್ತು!

ಅಂಟಿದ ಪಿಸ್ಟನ್ ಬಿಡಿಸಲು ಆತುರ ಮಾಡಬಾರದು. ಡೀಸೆಲ್ ಮತ್ತು ಚಿಮಣಿ ಎಣ್ಣೆ ಬೆರೆಸಿ ಸಿಲಿಂಡರಿಗೆ ಹಾಕಿ ಒಂಬತ್ತು ದಿನ ಬಿಟ್ಟೆವು. ದಿನಾ ಸಂಜೆ ಎಷ್ಟು ಇಳಿದಿದೆ ನೋಡಿ ಮತ್ತಷ್ಟು ಹಾಕುವುದು ನನ್ನ ಕೆಲಸ. ಹತ್ತನೇ ದಿನ ಪಿಸ್ಟನ್ ಮೇಲೆ ಬೇವಿನ ಕಟ್ಟಿಗೆಯ ತುಂಡಿಟ್ಟು ಮಾಮಾ ಸುತ್ತಿಗೆಯಿಂದ ಹದವಾಗಿ ಬಡಿದರು. ಕಬ್ಬಿಣದಿಂದ ಬಡಿದರೆ ಪಿಸ್ಟನ್ ಸೀಳುತ್ತದೆ, ಕಟ್ಟಿಗೆಯಾದರೆ ಪೆಟ್ಟನ್ನು ಹಂಚುತ್ತದೆ. ಒಂದು ಕೂದಲೆಳೆಯಷ್ಟು ಸರಿಯಿತು. ಆಮೇಲೆ ಸರಿಯುತ್ತಲೇ ಹೋಯಿತು.

ಈ ಎಂಜಿನ್ನಿನಲ್ಲಿ ಸಿಲಿಂಡರಿನ ಒಳಗೋಡೆ ಬೇರೆಯದೇ ಕೊಳವೆ. ಅದಕ್ಕೆ ಲೈನರ್ ಅನ್ನುತ್ತಾರೆ. ಅದರ ಹೊರಮೈಗೆ ತಂಪು ಮಾಡುವ ನೀರು ನೇರವಾಗಿ ತಾಗುತ್ತದೆ. ಬುಡದಲ್ಲಿ ರಬ್ಬರಿನ ಬಳೆಗಳು ನೀರು ಕೆಳಗಿಳಿಯದಂತೆ ತಡೆಯುತ್ತವೆ. ಆ ಬಳೆ ಸೋತರೆ ನೀರು ಎಂಜಿನ್ ಆಯಿಲಿಗೆ ಸೇರಿ ಎಲ್ಲವೂ ಮಜ್ಜಿಗೆಯಾಗುತ್ತದೆ. ಈ ವ್ಯವಸ್ಥೆಯ ಒಳ್ಳೆಯ ಗುಣವೆಂದರೆ ಎಂಜಿನ್ನನ್ನೇ ಬದಲಿಸಬೇಕಿಲ್ಲ, ಕೊಳವೆ ಎಳೆದು ತೆಗೆದು ಹೊಸದು ಕೂರಿಸಿದರೆ ಆಯಿತು. ಹೊಸದು ಎಲ್ಲಿ ಸಿಗಬೇಕು? ಬರ್ನೊದ ಎಂಜಿನಿಯರುಗಳ ಜಾಣತನ ಇಲ್ಲಿ ಕೆಲಸಕ್ಕೆ ಬಂತು. ಹುಬ್ಬಳ್ಳಿಯ ಹಳೆಯ ಸಾಮಾನಿನ ಅಂಗಡಿಯೊಂದರ ಅಟ್ಟದಲ್ಲಿ ಅದೇ ಕುಟುಂಬದ ಮೂರು ಸಿಲಿಂಡರಿನ ಗಾಡಿಯ ಲೈನರು, ಪಿಸ್ಟನ್ನು, ರಿಂಗುಗಳು ಮೇಣದ ಕಾಗದದಲ್ಲಿ ಸುತ್ತಿದಂತೆಯೇ ಇದ್ದವು. ಅಂಗಡಿಯವರು ಮೂರರ ಸೆಟ್ ಒಡೆಯುವುದಿಲ್ಲ ಎಂದರು. ಎರಡು ಹಾಕಿ, ಮೂರನೆಯದನ್ನು ಮನೆಯ ಕಪಾಟಿನಲ್ಲಿಟ್ಟಿದ್ದೇವೆ. ಫೆಲೋಶಿಪ್ಪಿನ ಆ ತಿಂಗಳ ದುಡ್ಡು ಅಲ್ಲಿಗೆ ಮುಗಿಯಿತು.

ಡೀಸೆಲ್ ಪಂಪು ಮತ್ತು ನಾಝಲುಗಳನ್ನು ಕ್ಯಾಲಿಬ್ರೇಶನ್ನಿಗೆ ಕೊಟ್ಟು ಬಂದ ವಾರ ಹೊರಮೈಯ ಪ್ರಶ್ನೆ ಎದ್ದಿತು. ನಾನು ಒಂದು ಪಟ್ಟಿ ಮಾಡಿದ್ದೆ. ಎಡಕ್ಕೆ ಬದಲಾದ ಭಾಗ, ಬಲಕ್ಕೆ ‘ಇಡುವುದು’, ‘ತೆಗೆಯುವುದು’ ಎಂಬ ಎರಡು ಖಾಲಿ ಮನೆ. ಕಾಕಾ, ಫಿಟ್ಟರ್ ಮಾಮಾ, ಅಣ್ಣ, ನಾನು ಬೇವಿನ ನೆರಳಲ್ಲಿ ಕೂತೆವು. ಹಲಗೆಯ ಸೀಟು ಇರಲಿ ಎಂದರು ಕಾಕಾ. ಸೊಂಟಕ್ಕೆ ಅದೇ ಹಿತ, ಕಂಪನಿಯ ಸೀಟಿಗಿಂತ ಎತ್ತರ ಇರುವುದರಿಂದ ಹಿಂದಿನ ನೇಗಿಲು ಕಾಣುತ್ತದೆ. ಗೆಜ್ಜೆ ಇರಲಿ. ಮಡ್‌ಗಾರ್ಡಿನ ಎರಡು ಬೆಸುಗೆ ಇರಲಿ, ಮೂರನೆಯದು ಬೇರೆ ಯಾರೋ ಕುಡಿದು ಮಾಡಿದ್ದು, ಅದನ್ನು ಅರೆದು ಮತ್ತೆ ಮಾಡಿಸಬೇಕು. ಹೀಗೆ ಒಂದೊಂದಕ್ಕೂ ಅವರಲ್ಲಿ ತೀರ್ಪು ಇತ್ತು, ತೀರ್ಪಿಗೆ ಕಾರಣ ಇತ್ತು.

ಪೈಪಿನ ಸರದಿ ಬಂದಾಗ ಫಿಟ್ಟರ್ ಮಾಮಾ ಬಾಯಿ ಹಾಕಿದರು: ‘ಅದನ್ನ ಮುಟ್ಟಬ್ಯಾಡ್ರಿ ಅಕ್ಕಾರ. ಆ ಆವಾಜಿಗೇ ಕಿಮ್ಮತ್ತು. ಈಗಿನ ಹುಡುಗ್ರು ರೊಕ್ಕ ಕೊಟ್ಟು ಸೈಲೆನ್ಸರ್ ಕಿತ್ತಿಸಿ ಇಂಥಾ ಪೈಪ್ ಹಾಕಸ್ತಾರ.’ ಅಣ್ಣನೂ ತಲೆಯಾಡಿಸಿದ. ಚಿಕ್ಕಂದಿನಲ್ಲಿ ಅವನು ಆ ಸದ್ದು ಕೇಳಿಯೇ ಗಾಡಿ ಯಾವ ಹೊಲದಲ್ಲಿದೆ ಎಂದು ಹೇಳುತ್ತಿದ್ದನಂತೆ. ಊರಿಗೆಲ್ಲ ಅದು ‘ನಮ್ಮ ಗಾಡಿಯ ಸದ್ದು’.

ಕಾಕಾನಿಗೆ ಮಾತು ಕೇಳಿಸಿರಲಿಲ್ಲ. ಅವರು ಪಟ್ಟಿಯ ಮೇಲಿನ ನನ್ನ ಬೆರಳನ್ನು ನೋಡಿ, ಆಮೇಲೆ ಗಾಡಿಯನ್ನು ನೋಡಿ ಹೇಳಿದರು: ‘ಮದಲ ಅದನ್ನ ತಗೀರಿ.’

‘ಯಾಕ ಕಾಕಾ?’ ಅಣ್ಣ ಕೂಗಿದ.

‘ಎಂಬತ್ತಮೂರನೇ ಇಸ್ವಿಯಾಗ ಸೈಲೆನ್ಸರ್ ತೂತು ಬಿತ್ತು. ಹೊಸಾದು ತರ್ರಿ ಅಂತ ಅಜ್ಜಾರನ್ನ ಕೇಳಿದ್ನಿ. ಮುಂದಿನ ಸುಗ್ಗಿಗೆ ನೋಡೂಣು ಅಂದ್ರು. ಅಲ್ಲೀ ತನಕಾ ಇರಲಿ ಅಂತ ನಾನ ಆ ಪೈಪ್ ಕೂಡಿಸಿದ್ನಿ.’ ಬೆರಳು ಮಡಚಿ ಲೆಕ್ಕ ಹಾಕಿದರು. ‘ಇಪ್ಪತ್ತೊಂದು ಸುಗ್ಗಿ ಆದವು ನೋಡವ್ವಾ.’

ಅವರು ಇದನ್ನು ದೂರಿನಂತೆ ಹೇಳಲಿಲ್ಲ. ಕೂರಿಗೆಯ ತಾಳಿನ ಲೆಕ್ಕ ಹೇಳುವ ದನಿಯಲ್ಲೇ ಹೇಳಿದರು. ಅಣ್ಣ ಎದ್ದು ಹೋಗಿ ಸ್ಪ್ಯಾನರ್ ತಂದ.

ದಿನಕ್ಕೆ ಎಂಟು ತಾಸು 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ಕೂತವರ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಇದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಸೈಲೆನ್ಸರ್ ಇಲ್ಲದ ಡೀಸೆಲ್ ಎಂಜಿನ್ ಚಾಲಕನ ಮುಖದೆದುರು ಎಬ್ಬಿಸುವ ಸದ್ದು ಆ ಮಿತಿಗಿಂತ ಬಹಳ ಮೇಲಿರುತ್ತದೆ. ಬಿತ್ತನೆಯ ದಿನಗಳಲ್ಲಿ ಕಾಕಾ ರಾತ್ರಿಯೂ ಓಡಿಸುತ್ತಿದ್ದರು. ನಮ್ಮ ಮನೆಯಲ್ಲಿ ಅವರ ಕಿವುಡಿಗೆ ‘ವಯಸ್ಸಾಯ್ತು’ ಎಂಬ ಹೆಸರಿತ್ತು. ಐವತ್ತು ದಾಟುವ ಮೊದಲೇ ಅವರಿಗೆ ಕಿವಿ ಮಂದವಾಗಿತ್ತು ಎಂದು ಸೊಸೆ ಹೇಳುತ್ತಾಳೆ.

ಹಸ್ತಪ್ರತಿಯ ಪಾಠಾಂತರಗಳಲ್ಲೂ ಇಂಥ ಎರಡು ಬಗೆ ಇರುತ್ತವೆ. ಕೆಲವು ಲಿಪಿಕಾರನ ಜಾಣ್ಮೆ: ಅರ್ಥ ಆಗದ ಕಡೆ ಅವನು ಯೋಚಿಸಿ ತಿದ್ದಿದ್ದು. ಕೆಲವು ಅವನ ಅಸಹಾಯಕತೆ: ಎದುರಿಗಿದ್ದ ಗರಿ ಹುಳು ತಿಂದಿತ್ತು, ಬೇರೆ ಪ್ರತಿ ಯಾರೂ ತರಿಸಿಕೊಡಲಿಲ್ಲ, ಕೈಗೆ ಬಂದದ್ದು ತುಂಬಿಸಿದ. ಪುಟದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಇತ್ತೀಚೆಗೆ ನಮ್ಮ ಓದುವ ವಲಯದಲ್ಲಿ ಹಳ್ಳಿಯ ಮೆಕ್ಯಾನಿಕ್ಕುಗಳ ತೇಪೆಗಾರಿಕೆಯನ್ನು ಬಹಳ ಹೊಗಳುತ್ತೇವೆ. ಕಡಿಮೆ ಖರ್ಚು, ದೇಸಿ ಬುದ್ಧಿ ಎಂದೆಲ್ಲ ಬರೆಯುತ್ತೇವೆ. ಹಲಗೆಯ ಸೀಟಿಗೆ ಆ ಹೊಗಳಿಕೆ ಸಲ್ಲುತ್ತದೆ. ಪೈಪಿಗೆ ಸಲ್ಲುವುದಿಲ್ಲ. ಸೀಟು ಕಾಕಾ ಆರಿಸಿಕೊಂಡದ್ದು, ಪೈಪು ಅವರ ಮೇಲೆ ಬಿದ್ದದ್ದು. ಎರಡನ್ನೂ ಮಾಡಿದ ಕೈ ಒಂದೇ. ಯಾವುದು ಯಾವುದೆಂದು ಗಾಡಿಯನ್ನು ಎಷ್ಟು ದಿಟ್ಟಿಸಿದರೂ ತಿಳಿಯುವುದಿಲ್ಲ, ಅದರ ಮೇಲೆ ಕೂತವರನ್ನು ಕೇಳಬೇಕು. ದಲ್ಲಾಳಿಗೆ ಶೋರೂಮಿನ ದಿನ ಬೇಕು, ಹಳತಿನ ಮೋಹದವರಿಗೆ ಪ್ರತಿಯೊಂದು ತೇಪೆಯೂ ಬೇಕು. ಇಬ್ಬರೂ ಕೇಳದೇ ಬಿಡುವುದು ಇದೊಂದೇ ಪ್ರಶ್ನೆಯನ್ನು.

ಬಣ್ಣ ಬಳಿಯುವವನು ಬಂದಾಗ ಇನ್ನೊಂದು ಸಂಗತಿ ಹೊರಬಿತ್ತು. ಟೂಲ್ ಬಾಕ್ಸಿನ ಮುಚ್ಚಳದ ಒಳಮೈಯನ್ನು ಅವನು ಉಜ್ಜಲು ಹೋದಾಗ ಕಾಕಾ ಅವನ ಕೈ ಹಿಡಿದರು. ಕೊಳೆ ಒರೆಸಿ ನೋಡಿದರೆ ಸಾಲುಸಾಲಾಗಿ ಚಾಣದಿಂದ ಕೊರೆದ ಗೆರೆಗಳು. ಕಾಕಾನಿಗೆ ಓದು ಬರಹ ಬರುವುದಿಲ್ಲ. ಎಂಜಿನ್ ಆಯಿಲ್ ಬದಲಿಸಿದಾಗ ಒಂದು ಚಿಕ್ಕ ಗೆರೆ, ಹೆಡ್ ಬಿಚ್ಚಿದಾಗ ಒಂದು ಉದ್ದ ಅಡ್ಡಗೆರೆ. ಎಣಿಸಿದೆ: 87 ಚಿಕ್ಕವು, ಮೂರು ಉದ್ದದವು. ಮೊದಲ ಸಾಲಿನ ಕೊನೆಗೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿತ್ತು. ‘ಇದೇನು ಕಾಕಾ?’ ಎಂದು ಬೆರಳಿಟ್ಟು ಕೇಳಿದೆ.

‘ಬಣವಿಯೊಳಗ ಇತ್ತಲ್ಲ, ಆವಾಗಿಂದು.’

ತಾಳೆಗರಿಯಲ್ಲಿ ಸಾಲು ಕಳೆದುಹೋದ ಜಾಗಕ್ಕೆ ನಾವು ಗ್ರಂಥಪಾತ ಅನ್ನುತ್ತೇವೆ. ಓದು ಬಾರದ ಕಾಕಾ ಅದನ್ನೂ ಗುರುತು ಹಾಕಿ ಇಟ್ಟಿದ್ದರು. ಗಾಡಿಯ ಆರ್‌ಸಿ ಪುಸ್ತಕದಲ್ಲಿ ಮಾಲೀಕರ ಹೆಸರಿಗೆ, ತಂದೆಯ ಹೆಸರಿಗೆ, ಸಾಲ ಕೊಟ್ಟ ಬ್ಯಾಂಕಿನ ಹೆಸರಿಗೆ ಜಾಗವಿದೆ. ಓಡಿಸಿದವರ ಹೆಸರಿಗೆ ಇಲ್ಲ. 28 ವರ್ಷದ ದಾಖಲೆ ಇದ್ದದ್ದು ಎಣ್ಣೆ ಡಬ್ಬಿಯ ಆ ತಗಡಿನಲ್ಲಿ ಮಾತ್ರ. ಒಳಮೈಗೆ ಕಾಗದ ಅಂಟಿಸಿ ಮುಚ್ಚಿ, ಹೊರಗಷ್ಟೇ ಬಣ್ಣ ಹೊಡೆಸಿದೆವು. ಕೆಳಪದರದಲ್ಲಿ ಸಿಕ್ಕ ಹಳೆಯ ಕೆಂಪನ್ನೇ ಹೊಂದಿಸಿದೆವು.

ಮಾಘದಲ್ಲಿ ಗಾಡಿ ಚಾಲೂ ಆಯಿತು. ಡೀಸೆಲ್ ಎಂಜಿನ್ನಿಗೆ ಕೊಳವೆಯಲ್ಲಿ ಒಂದು ಗುಳ್ಳೆ ಗಾಳಿ ಉಳಿದರೂ ಹೊತ್ತಿಕೊಳ್ಳುವುದಿಲ್ಲ. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಕೈಪಂಪು ಒತ್ತುತ್ತ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾದೆವು. ಹೊಸ ಬ್ಯಾಟರಿ ಎರಡು ಬಾರಿ ತಿರುಗಿಸಿತು, ಮೂರನೇ ಬಾರಿಗೆ ಬಿಳಿ ಹೊಗೆ ಬಂತು, ಆಮೇಲೆ ಕಪ್ಪು, ಆಮೇಲೆ ಹೊಗೆಯೇ ಕಾಣದಷ್ಟು ತಿಳಿ. ಹೊಸ ಸೈಲೆನ್ಸರಿನಿಂದ ಬಂದದ್ದು ಹೊಟ್ಟೆ ತುಂಬಿದವರ ಗೊರಕೆಯಂಥ ಸದ್ದು. ನೋಡಲು ನೆರೆದವರಲ್ಲಿ ಕೆಲವರಿಗೆ ನಿರಾಸೆಯಾಯಿತು. ‘ಮದಲಿನ ಗತ್ತು ಇಲ್ಲ ಬಿಡ್ರಿ’ ಎಂದರು.

ಕಾಕಾ ಎಂದಿನಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಬಿಟ್ಟು ಫಿಟ್ಟರ್ ಮಾಮಾನಿಗೆ ಎರಡು ಬೆರಳು ತೋರಿಸಿದರು: ಎರಡನೆಯದು ಹೊಂದಿಲ್ಲ. ಮಾಮಾ ನಂಬಲಿಲ್ಲ. ನಾಝಲಿನ ಕೊಳವೆ ಒಂದೊಂದಾಗಿ ಸಡಿಲಿಸಿ ನೋಡಿದರು. ಒಂದನೆಯದನ್ನು ಸಡಿಲಿಸಿದಾಗ ಎಂಜಿನ್ ಕುಸಿಯಿತು. ಎರಡನೆಯದನ್ನು ಸಡಿಲಿಸಿದಾಗ ಅಷ್ಟೊಂದು ಬದಲಾಗಲಿಲ್ಲ. ಅಂದರೆ ಅದು ಪೂರ್ತಿ ದುಡಿಯುತ್ತಿರಲಿಲ್ಲ. ನಾಝಲ್ ಮತ್ತೆ ಹುಬ್ಬಳ್ಳಿಗೆ ಹೋಗಿ ಬಂತು. ಕಿವಿ ಕೊಟ್ಟು ಕಲಿತ ವಿದ್ಯೆ ಅಂಗೈಗೆ ಇಳಿದಿತ್ತು.

ದಲ್ಲಾಳಿ ಫೋಟೊ ನೋಡಿ, ‘ಸೀಟು ಬದಲಿಸ್ರಿ, ಮುಚ್ಚಳ ಬದಲಿಸ್ರಿ, ಆಮ್ಯಾಲ ಮಾತಾಡೂಣು’ ಎಂದ. ಅಣ್ಣ ಅವನಿಗೆ ಏನು ಹೇಳಿದನೋ ಗೊತ್ತಿಲ್ಲ, ಫೋನ್ ಮತ್ತೆ ಬರಲಿಲ್ಲ. ಗಾಡಿ ಈಗ ಹಿತ್ತಲಿನ ತಗಡಿನ ಚಾವಣಿಯ ಕೆಳಗಿದೆ, ವಾರಕ್ಕೊಮ್ಮೆ ಕುಂಟೆ ಹೊಡೆಯಲು ಹೋಗುತ್ತದೆ. ಅಣ್ಣ ಓಡಿಸುತ್ತಾನೆ. ಸೈಲೆನ್ಸರ್ ಇದ್ದರೂ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೆಂದು ಕಾಕಾ ಆಜ್ಞೆ ಮಾಡಿದ್ದಾರೆ.

ನನ್ನ ಪಾಲಿಗೆ ಬಂದದ್ದು ಸಂಪಾದಕರ ಕೆಲಸ. ಆ ಪಟ್ಟಿಯನ್ನು ನೀಟಾಗಿ ಬರೆದು, ಪ್ಲಾಸ್ಟಿಕ್ ಹಾಕಿಸಿ, ಟೂಲ್ ಬಾಕ್ಸಿನಲ್ಲಿಟ್ಟಿದ್ದೇನೆ. ಮೊದಲ ಕಾಲಂ ಕಂಪನಿಯ ಭಾಗ, ಎರಡನೆಯದು ಈಗಿರುವುದು, ಮೂರನೆಯದು ಬದಲಿಸಿದವರು, ನಾಲ್ಕನೆಯದು ಯಾಕೆ. ಮೂರನೇ ಕಾಲಮ್ಮಿನಲ್ಲಿ ಕಾಕಾನ ಪೂರ್ತಿ ಹೆಸರು ಹನ್ನೊಂದು ಸಾರಿ ಬಂದಿದೆ. ಸೈಲೆನ್ಸರಿನ ಸಾಲಿನಲ್ಲಿ, ಕೇಳಿದ ವರ್ಷ 1983, ಹಾಕಿದ ವರ್ಷ 2024 ಎಂದಿದೆ. ಅದನ್ನು ಅಮ್ಮನಿಗೂ ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಬರೆದದ್ದನ್ನು ಅಳಿಸು ಎಂದೂ ಅನ್ನಲಿಲ್ಲ.

ಕಾಕಾನಿಗೆ ಹಾಳೆಯನ್ನು ತೋರಿಸಿ, ಅವರ ಹೆಸರಿರುವ ಜಾಗಗಳ ಮೇಲೆ ಬೆರಳಾಡಿಸಿ ತೋರಿಸಿದೆ. ಅವರು ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

‘ಎಲ್ಲಾ ಬರದೀ. ಎಣ್ಣಿ ಯಾವಾಗ ಬದಲಿ ಮಾಡಬೇಕು ಅಂತ ಬರದಿಯೇನು?’

ಬರೆದಿರಲಿಲ್ಲ. ಹಾಳೆಯ ಹಿಂಬದಿಯಲ್ಲಿ ಅವರು ಹೇಳುತ್ತ ಹೋದರು, ನಾನು ಬರೆದುಕೊಂಡೆ.